ಆರೋಗ್ಯಶಾಲೆಯ ನಂದಾದೀಪ

ಹೊಸದಾಗಿ ಒಂದು ದೇವಾಲಯವನ್ನು ನಿರ್ಮಿಸುವುದಕ್ಕಿಂತಲೂ ಶಿಥಿಲವಾದುದನ್ನು ಉದ್ಧರಿಸುವುದೇ ಅಧಿಕ ಪುಣ್ಯಪ್ರದವೆಂಬುದು ಆಗಮಜ್ಞರಿಗೆ ಸಮ್ಮತವಾದ ಮಾತು. ಇದರ ಕಾರಣವೂ ಸ್ಪಷ್ಟವಾಗಿಯೇ ಇದೆ. ಹೊಸ ಗೋಪುರಕ್ಕೆ ಕೈಹಾಕುವವನ ಕಣ್ಣಮುಂದೆ ಕೀರ್ತಿಯು ಮೊದಲೇ ಬಂದು ನಿಂತಿರುತ್ತದೆ. ಹಳೆಯ ಗೋಡೆಯ ಬಿರುಕಿಗೆ ಗಾರೆ ತುಂಬಿಸಿದವನು ಯಾರೆಂದು ಕೇಳುವವರು ವಿರಳ. ಮಳೆಗಾಲದಲ್ಲಿ ಗರ್ಭಗೃಹದ ಸೂರು ಸೋರದಿದ್ದರೆ ಅದು ಯಾರ ಪುಣ್ಯವೆಂದು ಭಕ್ತರು ಯೋಚಿಸುವುದಿಲ್ಲ. ಹೆಸರಿನ ಆಸೆಯು ಕಡಿಮೆಯಾದಷ್ಟೂ ದಾನದ ತೂಕವು ಹೆಚ್ಚುವುದೆಂಬ ಲೆಕ್ಕವನ್ನು ಹಿರಿಯರು ಇಲ್ಲಿ ಇಟ್ಟಿದ್ದಾರೆ.

ದೇಹವನ್ನೇ ದೇವಾಲಯವೆಂದು ಬಗೆದ ನಾಡಿನಲ್ಲಿ ಈ ಮಾತು ಕಲ್ಲುಗೋಡೆಯೊಡನೆ ನಿಂತುಬಿಡುವುದಿಲ್ಲ. ರೋಗದಿಂದ ಜೀರ್ಣವಾದ ದೇಹವನ್ನು ಎತ್ತಿ ನಿಲ್ಲಿಸುವ ಸ್ಥಾನವೇ ಆಸ್ಪತ್ರೆ. ಆ ಆಸ್ಪತ್ರೆಯೂ ಜೀರ್ಣವಾಗುತ್ತದೆ. ಅದರ ಮಂಚಗಳು ಮುರಿಯುತ್ತವೆ, ಉಪಕರಣಗಳು ಸವೆಯುತ್ತವೆ, ನೀರಿನ ಕೊಳವೆಗಳು ತುಕ್ಕು ಹಿಡಿಯುತ್ತವೆ. ದೇವಾಲಯದ ಉದ್ಧಾರಕ್ಕಾಗಿ ಭಕ್ತಸಮೂಹವು ಕೂಡಿದ ಸಂದರ್ಭದಲ್ಲಿ ಈ ಮತ್ತೊಂದು ಜೀರ್ಣೋದ್ಧಾರವನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ರೋಗಿಯ ಉಪಚಾರಕ್ಕೆ ಬೇಕಾದ ಸಲಕರಣೆಗಳನ್ನು ಕುರಿತು ಚರಕಸಂಹಿತೆಯು ಒಂದು ಅಧ್ಯಾಯವನ್ನೇ ಮೀಸಲಾಗಿಟ್ಟಿದೆ. ಸೂತ್ರಸ್ಥಾನದ ಹದಿನೈದನೆಯದಾದ ಅದರ ಹೆಸರು ಉಪಕಲ್ಪನೀಯ. ಚಿಕಿತ್ಸೆಯನ್ನು ಆರಂಭಿಸುವ ಮೊದಲು ಮನೆ ಹೇಗಿರಬೇಕೆಂದು ಅಲ್ಲಿ ವಿವರಿಸಿದೆ: ಗಟ್ಟಿಯಾಗಿರಬೇಕು, ಬಿರುಗಾಳಿ ನುಗ್ಗಬಾರದು, ಆದರೂ ಒಂದು ಕಡೆಯಿಂದ ಗಾಳಿಯಾಡಬೇಕು, ಹೊಗೆ, ಬಿಸಿಲು, ಧೂಳುಗಳು ತಾಕಬಾರದು, ನೀರು, ಒರಳು ಒನಕೆ, ಶೌಚದ ಸ್ಥಳ, ಸ್ನಾನದ ಸ್ಥಳ, ಅಡಿಗೆಮನೆ ಎಲ್ಲವೂ ಇರಬೇಕು. ಅನಂತರ ಉಪಚಾರಕರ ವಿಷಯ. ಅಡಿಗೆ ಬಲ್ಲವರು, ಸ್ನಾನ ಮಾಡಿಸುವವರು, ಮೈಯೊತ್ತುವವರು, ರೋಗಿಯನ್ನು ಎತ್ತಿ ಕುಳ್ಳಿರಿಸುವವರು, ಔಷಧವನ್ನು ಅರೆಯುವವರು ಬೇಕು. ಇಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ. ಹಾಡು ವಾದ್ಯಗಳನ್ನು ಬಲ್ಲವರೂ, ಕಥೆ ಪುರಾಣಗಳನ್ನು ಹೇಳಬಲ್ಲವರೂ ಬೇಕೆಂದು ಆ ಪಟ್ಟಿಯಲ್ಲಿ ಸೇರಿಸಿದೆ. ಜೊತೆಗೆ ಹಾಲು ಕರೆಯುವ ಒಂದು ಸಾಧುವಾದ ಹಸು, ಅದರ ಕರು, ಅದಕ್ಕೊಂದು ಕೊಟ್ಟಿಗೆ! ಎರಡು ಸಾವಿರ ವರ್ಷಗಳಷ್ಟು ಹಳೆಯದೆನ್ನಬಹುದಾದ ಗ್ರಂಥವೊಂದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಹಸುವಿನ ಕರುವನ್ನೂ ಮರೆಯದೆ ನೆನೆದಿದೆ.

ಇವೆಲ್ಲವನ್ನೂ ಮೊದಲೇ ಕೂಡಿಸಿಡುವುದೇಕೆ ಎಂಬ ಪ್ರಶ್ನೆಗೂ ಅಲ್ಲಿ ಉತ್ತರವಿದೆ. ಆಪತ್ತು ಒದಗಿದ ಮೇಲೆ, ಅಂಗಡಿಯು ಹತ್ತಿರದಲ್ಲಿಯೇ ಇದ್ದರೂ ಬೇಕಾದ ಪದಾರ್ಥವು ಆ ಕ್ಷಣದಲ್ಲಿ ದೊರೆಯುವುದು ಸುಲಭವಲ್ಲವೆಂಬುದೇ ಆ ಉತ್ತರದ ಸಾರ. ಆದರೆ ಈ ವೈಭವದ ಪಟ್ಟಿಯು ಅರಸನಿಗೆ, ಅರಸನಂತಹ ಧನಿಕನಿಗೆ ಹೇಳಿದುದು. ಆಚಾರ್ಯರಿಗೆ ಇದು ತಿಳಿಯದೆ ಇರಲಿಲ್ಲ. ಸಲಕರಣೆಗಳು ಎಲ್ಲರ ಬಳಿಯಲ್ಲಿಯೂ ಇರುವುದಿಲ್ಲ, ಆದರೆ ದಾರುಣವಾದ ವ್ಯಾಧಿಯು ಬಡವನ ಮನೆಯ ಬಾಗಿಲನ್ನು ಬಿಟ್ಟು ಹೋಗುವುದೂ ಇಲ್ಲ ಎಂಬ ಅಭಿಪ್ರಾಯವನ್ನು ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಹೇಳಿ, ಬಡವನು ತನ್ನ ಶಕ್ತಿಗೆ ಎಟುಕಿದಷ್ಟನ್ನು ಮಾಡಿಕೊಳ್ಳಲೆಂದು ವಿಧಿಸಿದ್ದಾರೆ. ಅರಸನಿಗೆ ಹೇಳಿದ ಪಟ್ಟಿಗೂ ಬಡವನಿಗೆ ಹೇಳಿದ ಈ ಮಾತಿಗೂ ನಡುವೆ ಇರುವ ಕಂದಕವು ಶಾಸ್ತ್ರದಿಂದ ತುಂಬುವಂತಹುದಲ್ಲ. ಅದನ್ನು ತುಂಬಬೇಕಾದುದು ದಾನ.

ಸುಶ್ರುತಾಚಾರ್ಯರು ಶಸ್ತ್ರವೈದ್ಯಕ್ಕೆ ಬೇಕಾದ ಯಂತ್ರಗಳನ್ನು ನೂರೊಂದು ಎಂದು ಎಣಿಸಿ, ಇಪ್ಪತ್ತು ಶಸ್ತ್ರಗಳನ್ನು ಬೇರೆಯಾಗಿ ಹೇಳಿದ್ದಾರೆ. ಕೆಟ್ಟ ಲೋಹದಿಂದ ಮಾಡಿದುದು, ಅತಿ ಉದ್ದವಾದುದು, ಹಿಡಿತ ಸಾಲದುದು ಎಂದು ಮುಂತಾಗಿ ಯಂತ್ರದ ಹನ್ನೆರಡು ದೋಷಗಳನ್ನೂ ಎಣಿಸಿದ್ದಾರೆ. ಆದರೆ ನೂರೊಂದರಲ್ಲಿಯೂ ಪ್ರಧಾನವಾದುದು ವೈದ್ಯನ ಕೈ ಎಂಬುದು ಅವರ ನಿರ್ಣಯ. ಉಳಿದ ಯಂತ್ರಗಳೆಲ್ಲ ಅದಕ್ಕೆ ಅಧೀನವಷ್ಟೆ. ಈ ನಿರ್ಣಯಕ್ಕೆ ಭಾಷ್ಯವೋ ಎಂಬಂತಹ ಒಂದು ಜೀವನವು ಇತ್ತೀಚಿನ ಕಾಲದಲ್ಲಿಯೇ ತಮಿಳುನಾಡಿನಲ್ಲಿ ನಡೆದುಹೋಯಿತು. ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರ ಕೈಬೆರಳುಗಳು ಯೌವನದಲ್ಲಿಯೇ ಸಂಧಿವಾತದಿಂದ ಸೊಟ್ಟಗಾಗಿದ್ದವು. ಆ ಬೆರಳುಗಳಿಗೆ ಒಗ್ಗುವಂತೆ ಶಸ್ತ್ರಗಳನ್ನು ಅಳವಡಿಸಿಕೊಂಡು ಅವರು ಒಂದು ಲಕ್ಷಕ್ಕೂ ಮಿಕ್ಕಿ ಕಣ್ಣಿನ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಸರಕಾರದ ನೌಕರಿಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಮಧುರೆಯಲ್ಲಿ ಹನ್ನೊಂದು ಹಾಸಿಗೆಗಳಿಂದ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದರು. ಕಣ್ಣಿನೊಳಗೆ ಇಡುವ ಮಸೂರವು ಪರದೇಶದಿಂದ ಬರುತ್ತಿದ್ದ ಕಾಲದಲ್ಲಿ ಅದರ ಬೆಲೆಯು ಬಡರೋಗಿಗೆ ನಿಲುಕುವಂತಿರಲಿಲ್ಲ. 1992ರಲ್ಲಿ ಅದೇ ಸಂಸ್ಥೆಯ ಆಶ್ರಯದಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆಯು ಹುಟ್ಟಿ, ಮಸೂರವನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲೆ ಬೆಲೆಯು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಉಪಕರಣವನ್ನು ಕೊಂಡು ಕೊಡುವುದು ಒಂದು ಬಗೆಯ ದಾನವಾದರೆ, ಉಪಕರಣವನ್ನು ಬಡವನ ಅಳವಿಗೆ ತಂದುಕೊಡುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ದಾನ.

ದೇವಾಲಯಕ್ಕೂ ಆಸ್ಪತ್ರೆಗೂ ಏನು ಸಂಬಂಧವೆಂದು ಕೇಳುವವರು ಹಳೆಯ ಶಾಸನಗಳನ್ನು ಒಮ್ಮೆ ನೋಡಬೇಕು. ಕನ್ನಡನಾಡಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಸನ್ನಿಧಿಗೆ ಸೇರಿದ ಕೋಡಿಯಮಠವಿತ್ತು. 1162ರ ಶಾಸನವು ಅದನ್ನು ವೇದ, ವ್ಯಾಕರಣ, ದರ್ಶನಗಳ ಪಾಠಸ್ಥಾನವೆಂದು ಕೊಂಡಾಡುವುದರ ಜೊತೆಗೆ, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವನ್ನಿಕ್ಕುವ ಸ್ಥಳವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಳವೆಂದೂ, ಸರ್ವಪ್ರಾಣಿಗಳಿಗೆ ಅಭಯಸ್ಥಾನವೆಂದೂ ವರ್ಣಿಸುತ್ತದೆ. ಪಾಣಿನಿಯ ಸೂತ್ರವೂ ಕಷಾಯದ ಪಾತ್ರೆಯೂ ಒಂದೇ ಸೂರಿನ ಕೆಳಗೆ ಇದ್ದವು.

ಆದರೆ ವಿವರಗಳ ದೃಷ್ಟಿಯಿಂದ ತಿರುಮುಕ್ಕೂಡಲಿನ ಶಾಸನಕ್ಕೆ ಸಾಟಿಯಾದುದು ದುರ್ಲಭ. ಕಾಂಚೀಪುರದ ಸೀಮೆಯಲ್ಲಿ ಪಾಲಾರ್, ವೇಗವತಿ, ಚೆಯ್ಯಾರ್ ನದಿಗಳು ಕೂಡುವ ಸ್ಥಳದಲ್ಲಿ ವೆಂಕಟೇಶಪೆರುಮಾಳ್ ದೇವಾಲಯವಿದೆ. ಚೋಳ ವೀರರಾಜೇಂದ್ರನ ಕಾಲದಲ್ಲಿ, ಅಂದರೆ ಸುಮಾರು 1068ರಲ್ಲಿ, ಆ ದೇವಾಲಯದ ಗೋಡೆಯ ಮೇಲೆ ಕೊರೆದ ದೀರ್ಘವಾದ ಲಿಪಿಯಲ್ಲಿ ಪೂಜೆ ಉತ್ಸವಗಳ ವೆಚ್ಚ, ವೇದಪಾಠಶಾಲೆಯ ವೆಚ್ಚ, ವಿದ್ಯಾರ್ಥಿಗಳ ಊಟದ ವೆಚ್ಚಗಳ ಜೊತೆಗೆ ವೀರಚೋಳನ್ ಎಂಬ ಆತುರಶಾಲೆಯ ವೆಚ್ಚವೂ ಸೇರಿದೆ. ಹದಿನೈದು ಹಾಸಿಗೆಗಳ ಆಸ್ಪತ್ರೆ ಅದು. ಪಾಠಶಾಲೆಯ ವಿದ್ಯಾರ್ಥಿಗಳೂ ದೇವಾಲಯದ ಸೇವಕರೂ ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆಗಳನ್ನು ತಂದು ಔಷಧವನ್ನು ಬೇಯಿಸುವ ಇಬ್ಬರು, ಶುಶ್ರೂಷೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ, ನೀರು ತರುವವನೊಬ್ಬ; ಇವರೆಲ್ಲರಿಗೂ ಭತ್ತದ ಪಡಿಯನ್ನು ನಿಗದಿಮಾಡಿದೆ. ವರ್ಷವಿಡೀ ಸಂಗ್ರಹದಲ್ಲಿರಬೇಕಾದ ಸುಮಾರು ಇಪ್ಪತ್ತು ಔಷಧಗಳ ಹೆಸರುಗಳನ್ನು ಹೇಳಿದೆ: ವಾಸಾಹರೀತಕಿ, ದಶಮೂಲಹರೀತಕಿ, ಬಿಲ್ವಾದಿಘೃತ, ಕಲ್ಯಾಣಲವಣ, ಪುರಾಣಘೃತ ಇತ್ಯಾದಿ. ರಾತ್ರಿಯಲ್ಲಿ ರೋಗಿಗಳ ಬಳಿ ಉರಿಯಬೇಕಾದ ಒಂದು ದೀಪಕ್ಕೆ ಎಣ್ಣೆಯನ್ನೂ ಮರೆತಿಲ್ಲ.

ಈ ಶಾಸನವನ್ನು ಬರೆಯಿಸಿದವರ ಬುದ್ಧಿಯನ್ನು ಮೆಚ್ಚಲೇಬೇಕು. ಹದಿನೈದು ಮಂಚಗಳನ್ನು ಮಾಡಿಸಿ, ಅರಸನ ಹೆಸರನ್ನು ಇಟ್ಟು, ಒಂದು ಉತ್ಸವವನ್ನು ನಡೆಸಿ ಅವರು ಮನೆಗೆ ಹೋಗಬಹುದಾಗಿತ್ತು. ಹಾಗೆ ಮಾಡಲಿಲ್ಲ. ಮಂಚದ ಮೇಲೆ ಮಲಗಿದವನ ಗಡ್ಡವನ್ನು ಯಾರು ತೆಗೆಯಬೇಕು, ಅವನ ಬಾಯಿಗೆ ನೀರು ಯಾರು ತರಬೇಕು, ನಡುರಾತ್ರಿಯಲ್ಲಿ ಅವನು ಕಣ್ಣು ತೆರೆದರೆ ಬೆಳಕು ಎಲ್ಲಿಂದ ಬರಬೇಕು ಎಂಬುದನ್ನು ಕಲ್ಲಿನಲ್ಲಿ ಬರೆದರು.

ಶ್ರೀರಂಗದ ಉದಾಹರಣೆಯಂತೂ ಜೀರ್ಣೋದ್ಧಾರದ ಮಾತಿಗೆ ನೇರವಾಗಿ ಒದಗುತ್ತದೆ. ಹೊಯ್ಸಳ ವೀರರಾಮನಾಥನು ಕಣ್ಣನೂರಿನಿಂದ ಆ ಸೀಮೆಯನ್ನು ಆಳುತ್ತಿದ್ದಾಗ, ಹದಿಮೂರನೆಯ ಶತಮಾನದಲ್ಲಿ, ರಂಗನಾಥನ ದೇವಾಲಯದಲ್ಲಿ ಗರುಡವಾಹನಭಟ್ಟರೆಂಬವರು ಆರೋಗ್ಯಶಾಲೆಯನ್ನು ನಡೆಸುತ್ತಿದ್ದರು. ಕಾಲಾಂತರದಲ್ಲಿ ಹಾಳಾದ ಆ ಶಾಲೆಯನ್ನು ಅದೇ ಪರಂಪರೆಯವರೊಬ್ಬರು ಮತ್ತೆ ಕಟ್ಟಿಸಿ, ಧನ್ವಂತರಿಯ ಮೂರ್ತಿಯನ್ನು ಪ್ರತಿಷ್ಠಿಸಿದುದನ್ನು 1493ರ ಶಾಸನವು ತಿಳಿಸುತ್ತದೆ. ಕನ್ನಡ ಅರಸನ ಕಾಲದಲ್ಲಿ ತಮಿಳುನೆಲದಲ್ಲಿ ನಡೆದ ಆಸ್ಪತ್ರೆ. ಇನ್ನೂರು ವರ್ಷಗಳಿಗೂ ಮೀರಿ ಕಳೆದ ಬಳಿಕ ಅದರ ಉದ್ಧಾರ. ಧನ್ವಂತರಿಯ ಸನ್ನಿಧಿಯು ಶ್ರೀರಂಗದಲ್ಲಿ ಇಂದಿಗೂ ಇದೆ.

ಕೊಯಮತ್ತೂರಿನ ಸೀಮೆಯಲ್ಲಿ ತಲೆತಲಾಂತರದಿಂದ ನೆಲೆಸಿ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದ ದೇವಾಂಗ ಕುಲದವರಿಗೆ ಈ ಎರಡು ನಾಡುಗಳ ಧರ್ಮವೂ ಸ್ವಂತವಾದುದೇ. ಮಗ್ಗವೇ ಅವರ ಕಾಯಕ, ಚೌಡೇಶ್ವರಿಯೇ ಅವರ ಕುಲದೇವತೆ. ನೇಕಾರರಲ್ಲಿ ಹಿರಿಯನೆಂದು ಖ್ಯಾತನಾದ ಮುದನೂರಿನ ದೇವರ ದಾಸಿಮಯ್ಯನ ಕಥೆಯು ಅಲ್ಲಿ ಹೊಸದಲ್ಲ. ದಾಸಿಮಯ್ಯನು ಬಹುದಿನಗಳ ಶ್ರಮದಿಂದ ನೇಯ್ದ ದಿವ್ಯವಸ್ತ್ರವನ್ನು ಜಂಗಮರೂಪದಿಂದ ಬಂದ ಶಿವನು ಬೇಡಿದನು, ದಾಸಿಮಯ್ಯನು ಕೊಟ್ಟನು. ಜಂಗಮನು ಅದನ್ನು ಅವನ ಕಣ್ಣೆದುರಿಗೇ ಹರಿದು ಬಿಸಾಡಿದನು. ದಾಸಿಮಯ್ಯನ ಮನಸ್ಸು ಕದಡಲಿಲ್ಲ. ಆಗ ಶಿವನು ಮೆಚ್ಚಿ, ಎಷ್ಟು ತೆಗೆದರೂ ಬರಿದಾಗದ ತವನಿಧಿಯನ್ನು ಅನುಗ್ರಹಿಸಿದನೆಂದು ಕಥೆ.

ಈ ಕಥೆಯಿಂದ ಕೆಲವರು ಒಂದು ತಪ್ಪಾದ ಅರ್ಥವನ್ನು ತೆಗೆಯುವುದುಂಟು. ಕೊಟ್ಟ ಮೇಲೆ ಕೊಟ್ಟದ್ದು ಏನಾಯಿತೆಂದು ನೋಡಬಾರದು, ಲೆಕ್ಕ ಕೇಳಬಾರದು, ಅದೇ ನಿಷ್ಕಾಮದಾನವೆಂದು ಅವರ ವಾದ. ಬೇಡಲು ಬಂದವನು ಶಿವನೇ ಆಗಿದ್ದರೆ ಈ ವಾದವು ನಿಲ್ಲುತ್ತದೆ. ಶಿವನಿಗೆ ಬಟ್ಟೆಯ ಕೊರತೆಯಿಲ್ಲ. ಆದರೆ ರೋಗಿಗಾಗಿ ಕೊಟ್ಟ ಯಂತ್ರವು ಹರಿದು ಬಿದ್ದರೆ ಕದಡದೆ ಇರುವುದು ಭಕ್ತಿಯಲ್ಲ, ಉದಾಸೀನ. ಯಂತ್ರವನ್ನು ಕೊಟ್ಟವನು ಮುಂದಿನ ವರ್ಷ ಬಂದು, ಅದು ನಡೆಯುತ್ತಿದೆಯೇ ಎಂದು ಕೇಳಿದರೆ ಅವನ ನಿಷ್ಕಾಮತೆಗೆ ಎಳ್ಳಷ್ಟೂ ಕೊರತೆ ಬರುವುದಿಲ್ಲ. ಅವನು ಕೇಳುತ್ತಿರುವುದು ತನ್ನ ಹೆಸರನ್ನಲ್ಲ, ರೋಗಿಯ ಕ್ಷೇಮವನ್ನು.

ಕುರಿಚಿಯಂತಹ ಊರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ನೊಯ್ಯಲ್ ನದಿಯ ನೀರುಣ್ಣುವ ಕೆರೆಯ ಮಗ್ಗುಲಲ್ಲಿ, ಪೊಳ್ಳಾಚಿಗೆ ಹೋಗುವ ರಸ್ತೆಯ ಮೇಲೆ ಇರುವ ಈ ಊರು 2011ರಲ್ಲಿ ಕೊಯಮತ್ತೂರು ನಗರಪಾಲಿಕೆಯಲ್ಲಿ ಸೇರಿತು. ಅದಕ್ಕೂ ಬಹುಮುಂಚಿನಿಂದಲೇ ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಲೇಥುಗಳು ತಿರುಗುತ್ತಿವೆ. ಆಯುಧಪೂಜೆಯ ದಿನ ಯಂತ್ರಕ್ಕೆ ಅರಿಸಿನ ಕುಂಕುಮಗಳನ್ನಿಟ್ಟು, ಬೂದುಗುಂಬಳವನ್ನು ಒಡೆಯುವ ಕೆಲಸಗಾರನು ಮರುದಿನ ಅದೇ ಯಂತ್ರಕ್ಕೆ ಎಣ್ಣೆಯನ್ನು ಹಾಕುತ್ತಾನೆ. ಕುಂಕುಮವನ್ನಿಟ್ಟು ಎಣ್ಣೆಯನ್ನು ಹಾಕದಿದ್ದರೆ ಬೇರಿಂಗು ಸುಟ್ಟುಹೋಗುವುದೆಂದು ಅವನಿಗೆ ಗೊತ್ತು. ಆಸ್ಪತ್ರೆಗೆ ದಾನಮಾಡುವ ದೊಡ್ಡ ಮನುಷ್ಯರಲ್ಲಿ ಹಲವರಿಗೆ ಈ ಸಣ್ಣ ಸಂಗತಿಯು ಗೊತ್ತಿರುವುದಿಲ್ಲ.

ಮೂತ್ರಪಿಂಡಗಳು ಕೆಟ್ಟವರಿಗೆ ರಕ್ತವನ್ನು ಶುದ್ಧಿಮಾಡುವ ಡಯಾಲಿಸಿಸ್ ಯಂತ್ರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಂದು ದಾನಿಗಳು ಬಹಳವಾಗಿ ಕೊಡುವ ಯಂತ್ರಗಳಲ್ಲಿ ಅದೂ ಒಂದು, ಕೊಡಲೇಬೇಕಾದುದೂ ಹೌದು. ಅಂತಹ ರೋಗಿಯು ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿಸಲವೂ ಸುಮಾರು ನಾಲ್ಕು ಗಂಟೆಗಳ ಕಾಲ ಆ ಯಂತ್ರದ ಪಕ್ಕದಲ್ಲಿ ಮಲಗಬೇಕು. ಒಂದು ಸಲದ ಶುದ್ಧಿಗೆ ಸುಮಾರು 120 ಲೀಟರುಗಳಷ್ಟು ದ್ರವವು ರೋಗಿಯ ರಕ್ತದ ಎದುರಿಗೆ, ತೆಳುವಾದ ಪೊರೆಯ ಆಚೆಯಲ್ಲಿ, ಹರಿದುಹೋಗಬೇಕು. ಅದಕ್ಕೆ ಬಳಸುವ ನೀರು ಕುಡಿಯುವ ನೀರಿಗಿಂತಲೂ ಎಷ್ಟೋ ಪಾಲು ಶುದ್ಧವಾಗಿರಬೇಕು. ಅದನ್ನು ಶೋಧಿಸಲು ಬೇರೊಂದು ಸ್ಥಾವರವೇ ಬೇಕು. ಶೋಧಕದ ಪೊರೆಗಳನ್ನು ಕಾಲಕಾಲಕ್ಕೆ ಬದಲಿಸಬೇಕು. ವಿದ್ಯುತ್ತು ನಡುವೆ ನಿಲ್ಲಬಾರದು. ಯಂತ್ರವನ್ನು ಬಲ್ಲ ತಂತ್ರಜ್ಞನಿಗೆ ತಿಂಗಳಿಗೆ ಸಂಬಳವು ಸಲ್ಲಬೇಕು. ಯಂತ್ರವು ಬಂದ ದಿನ ಹೂಮಾಲೆ, ಭಾಷಣ, ಛಾಯಾಚಿತ್ರಗಳೆಲ್ಲ ನಡೆಯುತ್ತವೆ. ನೀರಿನ ಸ್ಥಾವರಕ್ಕೆ ಹೂಮಾಲೆ ಹಾಕಿದವರನ್ನು ಕಂಡವರಿಲ್ಲ. ತಿರುಮುಕ್ಕೂಡಲಿನ ಶಾಸನದಲ್ಲಿ ನೀರು ತರುವವನಿಗೆ ಪಡಿಯನ್ನು ಬರೆದದ್ದು ಎಷ್ಟು ದೂರದೃಷ್ಟಿಯಿಂದೆಂಬುದು ಇಲ್ಲಿ ಅರ್ಥವಾಗುತ್ತದೆ.

ಚೋಳರ ಕಾಲದ ದಾನಿಗಳು ಇದಕ್ಕೊಂದು ಉಪಾಯವನ್ನೂ ಕಂಡುಕೊಂಡಿದ್ದರು. ದೇವರ ಮುಂದೆ ನಂದಾದೀಪವು ಹಗಲಿರುಳೂ ಉರಿಯಬೇಕಾದರೆ ಪ್ರತಿದಿನವೂ ತುಪ್ಪ ಬೇಕು. ಅದಕ್ಕಾಗಿ ದಾನಿಯು ತುಪ್ಪವನ್ನು ಕೊಡುತ್ತಿರಲಿಲ್ಲ. ಒಂದು ದೀಪಕ್ಕೆ ಹಲವು ವೇಳೆ ತೊಂಬತ್ತಾರು ಆಡುಕುರಿಗಳೆಂದು ಲೆಕ್ಕಹಾಕಿ ಮಂದೆಯನ್ನೇ ಕೊಡುತ್ತಿದ್ದನು. ಮಂದೆಯನ್ನು ವಹಿಸಿಕೊಂಡ ಕುರಿಗಾಹಿಯು ನಿತ್ಯವೂ ಗೊತ್ತಾದ ಅಳತೆಯ ತುಪ್ಪವನ್ನು ಅಳೆಯಬೇಕು. ಒಂದು ಕುರಿ ಸತ್ತರೆ ಮರಿಯೊಂದು ಆ ಸ್ಥಾನಕ್ಕೆ ಬರುತ್ತದೆ. ಮುದಿಯಾದರೆ ಇನ್ನೊಂದು ಬರುತ್ತದೆ. ಆದುದರಿಂದ ಶಾಸನಗಳು ಅವುಗಳನ್ನು ಸಾವಿಲ್ಲದ, ಮುಪ್ಪಿಲ್ಲದ ಕುರಿಗಳೆಂದೇ ಕರೆದವು. ದಾಸಿಮಯ್ಯನಿಗೆ ಶಿವನು ಕೊಟ್ಟ ತವನಿಧಿಯನ್ನು ಮನುಷ್ಯರು ತಮ್ಮ ಬುದ್ಧಿಯಿಂದ ಮಾಡಿಕೊಂಡ ಬಗೆ ಇದು. ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ವರ್ಷವರ್ಷವೂ ಯಂತ್ರದ ದುರಸ್ತಿ, ತಂತ್ರಜ್ಞನ ಸಂಬಳ, ನೀರಿನ ಶೋಧಕಗಳು ನಡೆದುಹೋಗುವಂತೆ ಒಂದು ನಿಧಿಯನ್ನು ಇಡುವುದೇ ಆ ಕುರಿಮಂದೆಯ ಇಂದಿನ ರೂಪ. ಹತ್ತು ಯಂತ್ರಗಳನ್ನು ಕೊಡಲು ಶಕ್ತಿಯುಳ್ಳ ದಾನಿಯು ಏಳನ್ನು ಕೊಟ್ಟು, ಮೂರರ ಬೆಲೆಯನ್ನು ಹೀಗೆ ನಿಧಿಯಾಗಿ ಇಟ್ಟರೆ, ಐದು ವರ್ಷಗಳ ಮೇಲೆ ಏಳೂ ನಡೆಯುತ್ತಿರುವ ಸಂಭವವುಂಟು. ಹತ್ತನ್ನೂ ಕೊಟ್ಟು ಹೋದರೆ ಎಷ್ಟು ಉಳಿದಾವೆಂದು ಹೇಳುವುದು ಕಷ್ಟ.

ಕೊಯಮತ್ತೂರಿನಲ್ಲಿ ಇಂತಹ ಬುದ್ಧಿಗೆ ಬರವಿಲ್ಲ. ಪೀಳಮೇಡಿನ ಪಿ. ಎಸ್. ಗೋವಿಂದಸ್ವಾಮಿ ನಾಯ್ಡು ಅವರ ನಾಲ್ವರು ಮಕ್ಕಳು 1926ರಲ್ಲಿ ಆಸ್ತಿಯನ್ನು ಹಂಚಿಕೊಳ್ಳುವಾಗ ಐದು ಪಾಲುಗಳನ್ನು ಮಾಡಿ, ಐದನೆಯದನ್ನು ಧರ್ಮಕ್ಕೆಂದು ಇಟ್ಟರು. ಧರ್ಮವನ್ನು ಒಬ್ಬ ಸಹೋದರನಂತೆ ಪಾಲುದಾರನನ್ನಾಗಿ ಮಾಡಿಕೊಂಡ ಈ ಹಂಚಿಕೆಯಿಂದ ಹುಟ್ಟಿದ ಸಂಸ್ಥೆಯು ಮೊದಲು ಶಾಲೆ ಕಾಲೇಜುಗಳನ್ನೂ, 1985ರಲ್ಲಿ ವೈದ್ಯಕೀಯ ವಿದ್ಯಾಲಯವನ್ನೂ ನಡೆಸಲು ಸಮರ್ಥವಾಯಿತು. ಪಾಲು ಪಡೆದ ಸಹೋದರನು ಕೊಟ್ಟ ಕಾಣಿಕೆಗಾಗಿ ಕೈಯೊಡ್ಡಿ ನಿಲ್ಲಬೇಕಾಗಿಲ್ಲವಷ್ಟೆ. ಅದೇ ನಗರದಲ್ಲಿ ಕಂಚಿ ಕಾಮಕೋಟಿ ವೈದ್ಯಕೀಯ ಟ್ರಸ್ಟಿನ ಆಶ್ರಯದಲ್ಲಿ ಡಾಕ್ಟರ್ ಆರ್. ವಿ. ರಮಣಿಯವರೂ ಅವರ ಸಹೋದ್ಯೋಗಿಗಳೂ 1977ರಲ್ಲಿ ಆರಂಭಿಸಿದ ಸೇವೆಯು ಶಂಕರ ಕಣ್ಣಾಸ್ಪತ್ರೆಯಾಗಿ ಬೆಳೆದು, ಬೆಂಗಳೂರು ಶಿವಮೊಗ್ಗೆಗಳವರೆಗೂ ವ್ಯಾಪಿಸಿತು. ನೂರಕ್ಕೆ ಎಂಬತ್ತು ಮಂದಿಗೆ ಉಚಿತ ಚಿಕಿತ್ಸೆ, ಇಪ್ಪತ್ತು ಮಂದಿಯಿಂದ ಶುಲ್ಕವೆಂಬುದು ಅವರು ಇಟ್ಟುಕೊಂಡ ಪ್ರಮಾಣ. ಶುಲ್ಕವನ್ನು ಕೊಡುವ ರೋಗಿಯೂ ಅರಿಯದೆಯೇ ದಾನಿಯಾಗುವನು. ಯಂತ್ರವು ಇಬ್ಬರಿಗೂ ಒಂದೇ. ಅದು ಜೇಬನ್ನು ನೋಡಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ.

ಇನ್ನು ಕಂಪನಿಗಳ ವಿಷಯ. 2013ರ ಕಂಪನಿ ಕಾಯಿದೆಯು ಗೊತ್ತಾದ ಮಿತಿಯನ್ನು ಮೀರಿದ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಾರ್ವಜನಿಕ ಕಾರ್ಯಗಳಿಗೆ ವೆಚ್ಚಮಾಡಬೇಕೆಂದು ವಿಧಿಸಿದ ಮೇಲೆ ಆಸ್ಪತ್ರೆಗಳಿಗೆ ಯಂತ್ರಗಳು ಬರುವುದು ಹೆಚ್ಚಾಗಿದೆ. ಒಳ್ಳೆಯದೇ ಆಯಿತು. ಕಾಯಿದೆಗೆ ಅಂಜಿ ಕೊಟ್ಟದ್ದು ದಾನವೇ ಎಂದು ಪಂಡಿತರು ಚರ್ಚಿಸಬಹುದು. ತೈತ್ತಿರೀಯೋಪನಿಷತ್ತಿನಲ್ಲಿ ಆಚಾರ್ಯನು ಶಿಷ್ಯನಿಗೆ ಕೊಡುವ ಉಪದೇಶದಲ್ಲಿ ಭಯದಿಂದಲಾದರೂ ಕೊಡು ಎಂಬ ಭಾವವು ಸೇರಿದೆಯೆಂಬುದನ್ನು ಅವರು ಮರೆಯಬಾರದು. ಅದೇ ಉಪದೇಶದಲ್ಲಿ ಅರಿವಿನಿಂದ ಕೊಡಬೇಕೆಂದೂ ಇದೆ. ಸಾಮಾನ್ಯವಾಗಿ ಪ್ರವಚನಗಳಲ್ಲಿ ಶ್ರದ್ಧೆಯನ್ನು ವಿಸ್ತರಿಸಿ ಅರಿವನ್ನು ಬೇಗನೆ ದಾಟಿಬಿಡುತ್ತಾರೆ. ಆಸ್ಪತ್ರೆಯ ದಾನದಲ್ಲಿ ಮೊದಲು ಬೇಕಾದುದು ಆ ಅರಿವು. ದೊಡ್ಡ ಯಂತ್ರವನ್ನು ಕೊಡಬೇಕೆಂದು ಹೊರಟವನು ಮೊದಲು ಅಲ್ಲಿಯ ದಾದಿಯನ್ನು ಕೇಳಬೇಕು. ಆಕೆ ಯಂತ್ರವನ್ನು ಕೇಳದೆ, ರೋಗಿಯನ್ನು ಒಂದು ಮಹಡಿಯಿಂದ ಇನ್ನೊಂದಕ್ಕೆ ಕೊಂಡೊಯ್ಯುವ ಗಾಲಿಮಂಚಕ್ಕೆ ಹೊಸ ಚಕ್ರಗಳನ್ನು ಕೇಳಬಹುದು. ಹೆರಿಗೆ ವಾರ್ಡಿನ ಶೌಚಾಲಯಕ್ಕೆ ಒಂದು ಗಟ್ಟಿಯಾದ ಬಾಗಿಲನ್ನು ಕೇಳಬಹುದು. ಹೊರಗೆ ಕಾಯುವ ಬಂಧುಗಳಿಗೆ ನೆರಳನ್ನು ಕೇಳಬಹುದು. ಗೀತೆಯಲ್ಲಿ ಸಾತ್ತ್ವಿಕದಾನಕ್ಕೆ ದೇಶ, ಕಾಲ, ಪಾತ್ರಗಳೆಂದು ಹೇಳಿದ ಮೂರನ್ನೂ ಆ ದಾದಿಯು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾಳೆ.

ದೇವಾಲಯಕ್ಕೆ ವ್ಯಯಿಸುವ ಹಣವನ್ನೆಲ್ಲ ಆಸ್ಪತ್ರೆಗೆ ಕೊಡಬಾರದೇಕೆ ಎಂಬ ಆಕ್ಷೇಪವು ಈ ಕಾಲದಲ್ಲಿ ಆಗಾಗ ಕೇಳಿಬರುತ್ತದೆ. ಬಳ್ಳಿಗಾವೆಯವರೂ ತಿರುಮುಕ್ಕೂಡಲಿನವರೂ ಶ್ರೀರಂಗದವರೂ ಇದಕ್ಕೆ ಮೊದಲೇ ಉತ್ತರ ಕೊಟ್ಟಿದ್ದಾರೆ. ದೇವಾಲಯವು ಇದ್ದುದರಿಂದಲೇ ಅಲ್ಲಿ ಭತ್ತವು ಕೂಡಿತು, ಭತ್ತವು ಕೂಡಿದುದರಿಂದಲೇ ವೈದ್ಯನಿಗೆ ಪಡಿ ಸಂದಿತು. ನೂರು ಜನರು ಒಂದೆಡೆ ಕೂಡಿ, ಒಬ್ಬರ ಮಾತನ್ನು ಒಬ್ಬರು ನಂಬಿ, ಹಣವನ್ನು ಒಂದು ಪೆಟ್ಟಿಗೆಯಲ್ಲಿ ಹಾಕುವ ಅಭ್ಯಾಸವು ಆಸ್ಪತ್ರೆಯ ಬಾಗಿಲಿನಲ್ಲಿ ಹುಟ್ಟುವುದಿಲ್ಲ. ಅದು ದೇವರ ಬಾಗಿಲಿನಲ್ಲಿ ಹುಟ್ಟುತ್ತದೆ. ಆದರೆ ಆಕ್ಷೇಪದಲ್ಲಿ ಒಂದು ನ್ಯಾಯವೂ ಇದೆ. ಕಳಶಕ್ಕೆ ಚಿನ್ನದ ಮುಲಾಮು ಹಾಕಿಸಿದ ಊರಿನಲ್ಲಿ ಹೆರಿಗೆಯ ನೋವಿನ ಹೆಣ್ಣುಮಗಳನ್ನು ಹತ್ತು ಮೈಲಿ ಹೊತ್ತೊಯ್ಯಬೇಕಾದರೆ, ಆ ಕಳಶದ ಹೊಳಪಿಗೆ ಅರ್ಥವನ್ನು ಹುಡುಕುವುದು ಕಷ್ಟ. ಮಕ್ಕಳನ್ನು ಬೇಡಿ ಹರಕೆ ಹೊತ್ತು ಚೌಡೇಶ್ವರಿಯ ಮುಂದೆ ನಿಂತ ತಾಯಿಯು ಒಂಬತ್ತು ತಿಂಗಳ ಬಳಿಕ ಹೋಗಬೇಕಾದುದು ಹೆರಿಗೆ ಆಸ್ಪತ್ರೆಗೇ.

ಬಡವನು ಏನು ಮಾಡಬೇಕು? ಲಕ್ಷಗಟ್ಟಲೆ ಬೆಲೆಬಾಳುವ ಯಂತ್ರದ ಮಾತು ಬಂದಾಗ ಮಗ್ಗದ ಮುಂದೆ ಕುಳಿತವನು ತನಗೆ ಇಲ್ಲಿ ಕೆಲಸವಿಲ್ಲವೆಂದು ಎದ್ದು ಹೋಗುವುದು ಸಹಜ. 1928ರಲ್ಲಿ ಉಡುಪಿಯಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಮನೆಮನೆಯ ಬಾಗಿಲಿಗೆ ಜನರನ್ನು ಕಳುಹಿಸಿ ದಿನಕ್ಕೆ ಎರಡಾಣೆಯಂತೆ ಠೇವಣಿ ಕೂಡಿಸುವ ಪಿಗ್ಮಿ ಪದ್ಧತಿಯನ್ನು ತಂದಾಗ, ಎರಡಾಣೆಯಿಂದ ಏನಾದೀತೆಂದು ನಕ್ಕವರು ಇದ್ದಿರಬಹುದು. ಅದು ದಾನವಲ್ಲ, ಉಳಿತಾಯ. ಆದರೆ ಎರಡಾಣೆಗಳು ಪ್ರತಿದಿನವೂ ತಪ್ಪದೆ ಬಂದರೆ ಏನಾಗುತ್ತದೆಂಬುದನ್ನು ಅದು ತೋರಿಸಿಕೊಟ್ಟಿತು. ಅದೇ ಮಹನೀಯರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ವ್ಯಾಪಾರದ ಪ್ರತಿಯೊಂದು ಲೆಕ್ಕದಿಂದಲೂ ಸ್ವಲ್ಪವನ್ನು ಧರ್ಮಕ್ಕೆಂದು ತೆಗೆದಿಡುವ ಮಗಮೆಯ ಪದ್ಧತಿಯು ತಮಿಳುನಾಡಿನ ವರ್ತಕರಲ್ಲಿ ಹಿಂದಿನಿಂದಲೂ ಇದೆ. ನೇಯ್ದ ಪ್ರತಿಯೊಂದು ಸೀರೆಗೂ, ತಿರುಗಿಸಿ ಮುಗಿಸಿದ ಪ್ರತಿಯೊಂದು ಪಂಪಿನ ಭಾಗಕ್ಕೂ ಒಂದೊಂದು ರೂಪಾಯಿಯನ್ನು ತೆಗೆದಿಡುವ ಹತ್ತು ಮನೆಗಳಿದ್ದರೆ, ಒಬ್ಬ ರೋಗಿಯ ಒಂದು ದಿನದ ಡಯಾಲಿಸಿಸ್ಸಿನ ನೀರಿಗಾದರೂ ದಾರಿಯಾಗುತ್ತದೆ.

ಹಣವಿಲ್ಲದವನಿಗೆ ಕೈಯಿದೆ. ಮೋಟಾರನ್ನು ಬಿಚ್ಚಿ ಜೋಡಿಸಬಲ್ಲ ಕುರಿಚಿಯ ಕೆಲಸಗಾರನು ತಿಂಗಳಿಗೊಂದು ಭಾನುವಾರ ಧರ್ಮಾಸ್ಪತ್ರೆಗೆ ಹೋಗಿ, ಅಲ್ಲಿಯ ನೀರೆತ್ತುವ ಪಂಪನ್ನೂ, ಗಾಲಿಕುರ್ಚಿಯ ಚಕ್ರಗಳನ್ನೂ, ಕಿರುಗುಟ್ಟುವ ಮಂಚದ ಕೀಲುಗಳನ್ನೂ ನೋಡಿ ಬರಬಹುದು. ನೂರೊಂದು ಯಂತ್ರಗಳಲ್ಲಿ ಪ್ರಧಾನವಾದುದನ್ನು ಸುಶ್ರುತರು ಹೇಳಿದ್ದು ವೈದ್ಯನನ್ನು ಕುರಿತಾದರೂ, ಅದು ಇವನಿಗೂ ಸಲ್ಲುತ್ತದೆ.

ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವುದನ್ನು ನಿಂದಿಸಬೇಕಾಗಿಲ್ಲ. ಆ ಕಲ್ಲುಗಳು ಇದ್ದುದರಿಂದಲೇ ಇಷ್ಟೆಲ್ಲ ಸಂಗತಿಗಳು ತಿಳಿದುಬಂದಿವೆ. ಹೊಸ ಆಸ್ಪತ್ರೆಯ ಗೋಡೆಗೆ ಅಮೃತಶಿಲೆಯ ಫಲಕವನ್ನು ಹಾಕಿಸುವಾಗ ಹೆಸರಿನ ಕೆಳಗೆ ಇನ್ನೂ ನಾಲ್ಕು ಸಾಲುಗಳಿಗೆ ಸ್ಥಳವನ್ನು ಬಿಡಬಹುದು: ಯಂತ್ರದ ವಾರ್ಷಿಕ ದುರಸ್ತಿಗೆ ಇಟ್ಟ ನಿಧಿ ಇಷ್ಟು, ನಡೆಸುವವನ ಸಂಬಳಕ್ಕೆ ಇಷ್ಟು, ನೀರಿಗೆ ಇಷ್ಟು, ರಾತ್ರಿಯ ದೀಪಕ್ಕೆ ಇಷ್ಟು ಎಂದು.